ಸರ್ವರ್ ಡೌನ್, ನಾಳೆ ಬನ್ನಿ!

ಸರ್ಕಾರ ಮೊಬೈಲಿಗೇ ಬಂದಿದೆಯಂತೆ. ಆದರೂ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಕ್ಯೂ ಕರಗಿಲ್ಲ. ಯಾಕೆ? ‘ಜನಕ್ಕೆ ಕಂಪ್ಯೂಟರ್ ಬರಲ್ಲ ಕಣ್ರೀ’ ಎಂಬುದು ಒಳಗೆ ಕುಳಿತವರ ರೆಡಿಮೇಡ್ ಉತ್ತರ.

ಇದು ಪೂರ್ತಿ ನಿಜವಲ್ಲ ಎನ್ನಲು ‘ಭೂಮಿ’ಯೇ ಸಾಕ್ಷಿ. 2000ದ ಸುಮಾರಿಗೆ ಪಹಣಿ ಕಂಪ್ಯೂಟರ್ ಏರಿದಾಗ ರೈತರಿಗೇನು ಮೌಸ್ ಹಿಡಿಯಲು ಬರುತ್ತಿತ್ತೆ? ಆದರೂ ಕಿಯಾಸ್ಕಿಗೆ ಮುಗಿಬಿದ್ದರು. ಅದಕ್ಕೆ ಮೊದಲು ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಬೇಕು, ಎಷ್ಟೋ ಕಡೆ ಕೈ ಬಿಸಿ ಮಾಡಬೇಕು. ಕಿಯಾಸ್ಕಿನಲ್ಲಿ ಆಗ 15 ರೂಪಾಯಿ ಇಟ್ಟರೆ ಕಾಗದ ಕೈಗೆ. ಯಾರ ದಾಕ್ಷಿಣ್ಯವೂ ಬೇಡ.

ಅಂದರೆ ಜನ ನೋಡುವುದು ಯಂತ್ರವನ್ನಲ್ಲ. ಅಲೆದಾಟ ತಪ್ಪಿತೇ ಇಲ್ಲವೇ ಎಂಬುದನ್ನು.

2023ರ ಜೂನ್ ತಿಂಗಳೂ ಇದನ್ನೇ ಹೇಳಿತು. 11ರಂದು ‘ಶಕ್ತಿ’ ಶುರುವಾಯಿತು. ಹೆಂಗಸರು ಗುರುತಿನ ಚೀಟಿ ತೋರಿಸಿದರು, ಕಂಡಕ್ಟರ್ ಸೊನ್ನೆ ಟಿಕೆಟ್ ಕೊಟ್ಟರು, ಬಸ್ಸು ಹೊರಟಿತು. 18ರಂದು ‘ಗೃಹಜ್ಯೋತಿ’ ನೋಂದಣಿ ‘ಸೇವಾ ಸಿಂಧು’ವಿನಲ್ಲಿ ತೆರೆಯಿತು. ಸರ್ವರ್ ಒದ್ದಾಡಿತು, ಜನ ಸುಸ್ತಾದರು. ಆದರೂ ಬಿಡಲಿಲ್ಲ; ಕರೆಂಟ್ ಬಿಲ್ ಉಳಿಯುವ ಲಾಭ ಕಣ್ಣೆದುರೇ ಇತ್ತು.

ಜಾತಿ, ಆದಾಯ ಪತ್ರದ ಕಥೆ ಬೇರೆ. ಅರ್ಜಿಯನ್ನು ಮನೆಯಿಂದಲೇ ಹಾಕಬಹುದು, ಸರಿ. ಆದರೆ ಮೊಬೈಲ್ ನಂಬರ್ ಬದಲಾಗಿದ್ದರೆ ಓಟಿಪಿ ಬರದು. ಒಂದು ದಾಖಲೆಯಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್ಲು. ಇಷ್ಟೂ ದಾಟಿದರೆ ಪರಿಶೀಲನೆಗೆ ಮತ್ತೆ ಗ್ರಾಮ ಆಡಳಿತಾಧಿಕಾರಿ, ರೆವಿನ್ಯೂ ಇನ್‌ಸ್ಪೆಕ್ಟರು. ‘ಒಂದ್ಸಲ ಹೋಗಿ ಕಂಡ್ಬನ್ನಿ’ ಎಂದು ಯಾರೋ ಕಿವಿಯಲ್ಲಿ ಊದುತ್ತಾರೆ. ಕಂಡೇ ಬರಬೇಕಾದರೆ ಆನ್‌ಲೈನ್ ಯಾಕೆ ಸ್ವಾಮಿ? ಅಂಗಡಿ ಬಾಗಿಲು ಎಳೆದು ಬಂದವರಿಗೆ ಅರ್ಧ ದಿನದ ವ್ಯಾಪಾರ ಖೋತಾ. ಹಳ್ಳಿಯಿಂದ ಬಂದವರಿಗೆ ಕೂಲಿಯೂ ಇಲ್ಲ, ಕಾಗದವೂ ಇಲ್ಲ. ಮಧ್ಯವರ್ತಿ ಹುಟ್ಟುವುದು ಇಲ್ಲೇ.

ಮದ್ದು ಇಲ್ಲದಿಲ್ಲ. 2011ರ ‘ಸಕಾಲ’ ಕಾಯ್ದೆ ಸೇವೆಗೆ ಗಡುವು ಕಟ್ಟಿದೆ. ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಪರಿಹಾರ ಕೊಡಬೇಕು. ಅದನ್ನು ತಡಮಾಡಿದವರ ಸಂಬಳದಿಂದಲೇ ಮುರಿಯಬೇಕು. ಆದ್ದರಿಂದ ಅರ್ಜಿ ಹಾಕಿದವರು ಸಕಾಲ ನಂಬರಿನ ಚೀಟಿಯನ್ನು ಜೋಪಾನವಾಗಿಟ್ಟುಕೊಳ್ಳಲಿ, ತಾರೀಖು ದಾಟಿದರೆ ನಾಚಿಕೆ ಬಿಟ್ಟು ಕೇಳಲಿ.

ಆ ಚೀಟಿಗೆ ಕಚೇರಿಯೊಳಗೆ ಬೆಲೆ ಬಂದ ದಿನ ಹೊರಗಿನ ಕ್ಯೂ ತಾನಾಗೇ ಕರಗುತ್ತದೆ. ಅಲ್ಲಿಯವರೆಗೆ, ಸರ್ವರ್ ಡೌನ್. ನಾಳೆ ಬನ್ನಿ!