ಹಾಲಿನ ಪ್ಯಾಕೆಟ್ಟಿನ ಮೂಲೆ

ಹೋದ ಮಳೆಗಾಲದಲ್ಲಿ ನಮ್ಮ ಮೂರು ಹ್ಯಾಟೆಗಳು ಒಂದೇ ವಾರದಲ್ಲಿ ಸತ್ತವು. ಕೊಕ್ಕರೆ ರೋಗ ಇರ್ಬೇಕು, ಉಳಿದವೂ ಹೋದ್ವು ಅಂದ್ಕೊಂಡೆ. ಡಾಕ್ಟ್ರು ಒಂದನ್ನು ಕೊಯ್ದು ನೋಡಿದರು. ರೋಗದ ಸುಳಿವಿರಲಿಲ್ಲ. ಕೊರಳ ಬುಡದಲ್ಲಿರುವ ಮೇವಿನ ಚೀಲ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಳಗೆ ಏನಿತ್ತು ಗೊತ್ತಾ? ಪ್ಲಾಸ್ಟಿಕ್ಕಿನ ಪುಟ್ಟ ಪುಟ್ಟ ತ್ರಿಕೋನಗಳು. ಬೆಳಿಗ್ಗೆ ಕಾಫಿಗೆ ಮೊದಲು ಕಚಕ್ ಅಂತ ಕತ್ತರಿಸಿ ಬಿಸಾಡ್ತೀರಲ್ಲ, ಹಾಲಿನ ಪ್ಯಾಕೆಟ್ಟಿನ ಮೂಲೆ, ಅದೇ.

ದೊಡ್ಡಬಳ್ಳಾಪುರದ ಕಡೆ ನಮಗೆ ಒಂದೂವರೆ ಎಕರೆ ಇದೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಿಂದ ವಾರಕ್ಕೆ ಮೂರು ಸಲ ಹಸಿ ಕಸ ತರ್ತೀವಿ. ಡ್ರಮ್ಮಿನ ಮೇಲೆ ದೊಡ್ಡದಾಗಿ ‘ಹಸಿ ಕಸ ಮಾತ್ರ’ ಅಂತ ಬರೆದಿದೆ. ಓದಿದವರೇ ಇರೋ ಜಾಗ ಅದು.

ಕೋಳಿಗೂ ತಿಪ್ಪೆಗೂ ಇರೋ ನಂಟು ನಾನು ಕಂಡುಹಿಡಿದದ್ದಲ್ಲ. ನಮ್ಮಜ್ಜಿ ಕೋಳಿಗೆ ಅಂತ ದುಡ್ಡು ಕೊಟ್ಟು ಕಾಳು ತಂದವಳೇ ಅಲ್ಲ. ನಾವೂ ಅವಳ ದಾರಿಯನ್ನೇ ಹಿಡಿದಿದ್ದೀವಿ. ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಹಣ್ಣು ಸುರಿದು ಮೇಲೆ ತರಗೆಲೆ, ಸಗಣಿ ಹಾಕ್ತೀವಿ. ಕೋಳಿ ತನಗೆ ಬೇಕಾದ್ದು ತಿನ್ನುತ್ತೆ. ಉಳಿದದ್ದು ಕೊಳೆಯುವಾಗ ಹುಟ್ಟುವ ಹುಳವೇ ಅದರ ಪ್ರೋಟೀನು. ದಿನವಿಡೀ ಕೆದಕಿ ಗುಡ್ಡೆಗೆ ಗಾಳಿ ಆಡಿಸುತ್ತೆ, ಹಿಕ್ಕೆ ಹಾಕಿ ಸಾರಜನಕ ಸೇರಿಸುತ್ತೆ. ನಮಗೆ ಮೊಟ್ಟೆ, ತೋಟಕ್ಕೆ ಗೊಬ್ಬರ. ಕೋಳಿ ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿನದೇ. ಮೆಕ್ಕೆಜೋಳ, ಸೋಯಾ ಕೊಂಡು ಸಣ್ಣ ರೈತ ಬದುಕೋದು ಕಷ್ಟ. ಹೌದು, ನಾಟಿ ಹ್ಯಾಟೆ ಫಾರಂ ಕೋಳಿಯ ಹಾಗೆ ವರ್ಷಕ್ಕೆ ಮುನ್ನೂರು ಮೊಟ್ಟೆ ಇಡಲ್ಲ. ಇಡಬೇಕಾಗೂ ಇಲ್ಲ.

“ಕಸ ತಿಂದ ಕೋಳಿ ಮೊಟ್ಟೆನಾ? ಛೀ” ಅಂತಾರೆ ಕೆಲವರು. ಫ್ರಾನ್ಸಿನ ಕೊಲ್ಮಾರ್‌ನಲ್ಲಿ 2015ರಲ್ಲಿ ಕಸ ಕಡಿಮೆ ಮಾಡೋಕೆ ಅಂತಲೇ ಮನೆಗಳಿಗೆ ಕೋಳಿ ಹಂಚಿದರು. ಬ್ರಿಟನ್ನಿನಲ್ಲಿ ಉಲ್ಟಾ, ಅಡುಗೆಮನೆಯ ಮಿಕ್ಕಿದ್ದನ್ನು ಕೋಳಿಗೆ ಹಾಕೋದೇ ಅಪರಾಧ. 2001ರಲ್ಲಿ ಸರಿಯಾಗಿ ಬೇಯಿಸದ ಮುಸುರೆಯನ್ನು ಹಂದಿಗೆ ಹಾಕಿದ್ದರಿಂದ ಅಲ್ಲಿ ಕಾಲುಬಾಯಿ ಜ್ವರ ಹಬ್ಬಿ ಲಕ್ಷಾಂತರ ಜಾನುವಾರು ಕೊಲ್ಲಬೇಕಾಯಿತು. ಆ ಭಯ ಸುಳ್ಳಲ್ಲ. ಅದಕ್ಕೇ ನಾವು ಮಾಂಸ, ಬೂಷ್ಟು ಹಿಡಿದದ್ದು, ಉಪ್ಪಿನಕಾಯಿ ತಗೊಳ್ಳಲ್ಲ. ಆದರೆ ಡ್ರಮ್ಮಿನಲ್ಲಿ ಏನಿದೆ ಅಂತ ನೀವೇ ಸುಳ್ಳು ಹೇಳಿದರೆ ನಾನು ಎಷ್ಟು ಅಂತ ಹೆಕ್ಕಲಿ?

ತಮಾಷೆ ಏನು ಗೊತ್ತಾ? ಭಾನುವಾರ ಅದೇ ಅಪಾರ್ಟ್‌ಮೆಂಟಿನವರೇ ಮೆಸೇಜ್ ಮಾಡ್ತಾರೆ: “ಸರ್, ಪ್ಯೂರ್ ನಾಟಿ ಮೊಟ್ಟೆ ಇದೆಯಾ?” ಪ್ಯೂರ್ ಬೇಕು ಅನ್ನೋರು ಮೊದಲು ಬಕೆಟ್ ಪ್ಯೂರ್ ಇಡಿ ಸ್ವಾಮಿ. ಮನೆಯಲ್ಲೇ ಕಸ ಬೇರೆ ಮಾಡಬೇಕು ಅಂತ 2016ರಲ್ಲೇ ನಿಯಮ ಬಂದಿತ್ತು. ಅದಕ್ಕೂ ಎರಡು ವರ್ಷ ಮೊದಲೇ ಮಂಡೂರಿನ ಜನ ಬೀದಿಗಿಳಿದು, ನಿಮ್ಮ ಕಸ ನಮ್ಮೂರಿಗೆ ಬೇಡ ಅಂದಿದ್ದರು. ನಾವು ಕಲಿತದ್ದು ಇಷ್ಟೇ: ಲಾರಿ ಗೇಟು ದಾಟಿತೋ, ಕಸ ನಮ್ಮದಲ್ಲ.

ದಾಟಿದ ಮೇಲೂ ಅದು ನಿಮ್ಮದೇ. ಯಾರೋ ಕೈ ಹಾಕಿ ಹೆಕ್ತಾರೆ, ಯಾವುದೋ ಕೋಳಿ ನುಂಗುತ್ತೆ.

ದೊಡ್ಡ ಕ್ರಾಂತಿ ಏನೂ ಕೇಳ್ತಿಲ್ಲ. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಅಂಟಿಕೊಂಡೇ ಇರಲಿ. ಕೆಲಸದವರ ಮೇಲೆ ಹಾಕದೆ ಬಕೆಟ್ಟನ್ನು ದಿನಾ ಒಮ್ಮೆ ನೀವೇ ಬಗ್ಗಿ ನೋಡಿ. ಅರ್ಧ ನಿಮಿಷದ ಕೆಲಸ. ಅಷ್ಟೂ ಆಗಲ್ಲ ಅಂದ್ರೆ ಭಾನುವಾರ ನನಗೆ ಮೆಸೇಜ್ ಮಾಡ್ಬೇಡಿ.