ಉಟ್ಟು ಬಿಟ್ಟ ಬಟ್ಟೆ, ಓಡಿ ಬಿಟ್ಟ ಬಸ್ಸು

ನಮ್ಮ ರಾಜ್ಯದ ಸರ್ಕಾರಿ ಬಸ್ಸುಗಳ ಹೆಸರುಗಳನ್ನು ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ಐರಾವತ. ಅಂಬಾರಿ. ರಾಜಹಂಸ. 2023ರಲ್ಲಿ ಪಲ್ಲಕ್ಕಿ ಬಂತು. 2024ರಲ್ಲಿ ಅಶ್ವಮೇಧ ಬಂತು. ಒಂದು ದೇವೇಂದ್ರನ ಆನೆ, ಒಂದು ಅರಸನ ಆನೆಯ ಮೇಲಿನ ಪೀಠ, ಒಂದು ಚಕ್ರವರ್ತಿ ಯಾಗಕ್ಕೆ ಬಿಟ್ಟ ಕುದುರೆ. ಪಲ್ಲಕ್ಕಿಯ ಒಳಗೆ ಕೂತವರು ಯಾರು, ಹೊತ್ತವರು ಯಾರು ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಅರಸೊತ್ತಿಗೆ ಹೋಗಿ ಮುಕ್ಕಾಲು ಶತಮಾನವಾಯಿತು, ಬಸ್ಸಿಗೆ ಹೆಸರಿಡುವವರ ತಲೆಯೊಳಗಿಂದ ಇನ್ನೂ ಹೋಗಿಲ್ಲ.

ನಮ್ಮೂರುಗಳಿಗೆ ಬರುವ ಬಸ್ಸಿಗೆ ಇಂಥ ಹೆಸರಿಲ್ಲ. ಜನವೇ ಇಟ್ಟ ಹೆಸರುಗಳಿವೆ. ಕೆಂಪು ಬಸ್ಸು. ಡಕೋಟ ಬಸ್ಸು. ಎಂಟು ಗಂಟೆ ಬಸ್ಸು. ಅದು ಒಂಬತ್ತಕ್ಕೆ ಬಂದರೂ ಎಂಟು ಗಂಟೆ ಬಸ್ಸೇ. ಮಳೆ ಬಂದರೆ ಒಳಗೆ ಕೂತು ಕೊಡೆ ಬಿಚ್ಚಬೇಕು. ಕಿಟಕಿಯ ಗಾಜು ತೆರೆಯುವುದಿಲ್ಲ, ತೆರೆದದ್ದು ಮುಚ್ಚುವುದಿಲ್ಲ. ಮೆಟ್ಟಿಲು ಎಷ್ಟು ಎತ್ತರ ಎಂದರೆ ನಮ್ಮ ಅಜ್ಜಿಯರು ಮೊದಲು ಕೈಚೀಲ ಎಸೆದು, ಆಮೇಲೆ ಎರಡೂ ಕೈಯಲ್ಲಿ ಕಂಬಿ ಹಿಡಿದು ತಮ್ಮನ್ನು ತಾವೇ ಎಳೆದುಕೊಳ್ಳಬೇಕು.

ಹೊಸ ಬಸ್ಸು ಬಂದಾಗಲೆಲ್ಲ ಮಂತ್ರಿಗಳು ಹಸಿರು ಬಾವುಟ ಬೀಸುತ್ತಾರೆ, ಫೋಟೋ ಬರುತ್ತದೆ. ಆಮೇಲೆ ಆ ಬಸ್ಸು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಸಾಮಾನ್ಯವಾಗಿ ನಡೆಯುವುದು ಹೀಗೆ: ಹೊಸದನ್ನು ಮೊದಲು ದೂರದ ವೇಗದೂತಕ್ಕೆ ಹಾಕುತ್ತಾರೆ. ಲಕ್ಷ ಲಕ್ಷ ಕಿಲೋಮೀಟರ್ ಓಡಿ ಅದರ ಮೈ ಸಡಿಲಾದ ಮೇಲೆ ತಾಲ್ಲೂಕಿನ ಒಳದಾರಿಗೆ ಇಳಿಸುತ್ತಾರೆ. ಡಿಪೋದಲ್ಲಿ ಬಳಸುವ ಮಾತೂ ಅದೇ, 'ಇಳಿಸುವುದು'. ಗೌಡರ ಮನೆಯಲ್ಲಿ ಉಟ್ಟು ಬಿಟ್ಟ ಸೀರೆ ಕೇರಿಗೆ ಬರುತ್ತಿತ್ತಲ್ಲ, ಹಬ್ಬದ ಮಾರನೆಯ ದಿನ ತಂಗಳು ಬರುತ್ತಿತ್ತಲ್ಲ, ಹಾಗೆ ಓಡಿ ಬಿಟ್ಟ ಬಸ್ಸು ನಮಗೆ. ಕೊಟ್ಟಿದ್ದೇ ದೊಡ್ಡದು ಅನ್ನೋ ಮಾತು ಬೇರೆ.

ಅಧಿಕಾರಿಗಳ ಬಳಿ ಇದಕ್ಕೆ ಉತ್ತರವಿದೆ. ದೂರದ ಬಸ್ಸು ರಾತ್ರಿಯೆಲ್ಲ ವೇಗವಾಗಿ ಓಡಬೇಕು, ನಡುದಾರಿಯಲ್ಲಿ ಕೆಟ್ಟರೆ ಅಪಾಯ, ಆದ್ದರಿಂದ ಅಲ್ಲಿಗೆ ಹೊಸದು ಬೇಕು ಎನ್ನುತ್ತಾರೆ. ಸುಳ್ಳಲ್ಲ. ಆದರೆ ಕೊಳ್ಳೇಗಾಲದಿಂದ ಹನೂರು ದಾಟಿ ಮಲೆಮಹದೇಶ್ವರ ಬೆಟ್ಟದ ತಿರುವುಗಳನ್ನು ಹತ್ತಿ ಇಳಿಯುವ ಬಸ್ಸಿಗೆ ಒಳ್ಳೆಯ ಬ್ರೇಕು ಬೇಡವೆ? ಹೆದ್ದಾರಿಯಲ್ಲಿ ಬಸ್ಸು ಒಂದೇ ಹದದಲ್ಲಿ ಜಾರಿಕೊಂಡು ಹೋಗುತ್ತದೆ. ಹಳ್ಳಿ ದಾರಿಯಲ್ಲಿ ಮೈಲಿಗೆ ಎರಡು ಸಲ ನಿಲ್ಲಬೇಕು, ಗುಂಡಿ ಇಳಿದು ಹತ್ತಬೇಕು, ಸೀಟಿಗಿಂತ ಎರಡರಷ್ಟು ಜನರನ್ನು ಹೊರಬೇಕು. ಕ್ಲಚ್ಚು, ಬ್ರೇಕು, ಸ್ಪ್ರಿಂಗ್ ಪಟ್ಟಿ ಸವೆಯುವುದು ಇಲ್ಲೇ. ಕಷ್ಟದ ದಾರಿಗೆ ಮುದಿ ಎತ್ತನ್ನು ಕಟ್ಟುವ ರೈತ ಎಲ್ಲಿಯೂ ಇಲ್ಲ.

ಅಸಲು ಕಾರಣ ಇಂಜಿನ್ನಿನಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ನಿಗಮದವರು ತಮ್ಮ ಶೆಡ್ಯೂಲುಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡುತ್ತಾರೆ. ಕಿಲೋಮೀಟರಿಗೆ ಬರುವ ಹಣ ಪೂರ್ತಿ ಖರ್ಚನ್ನು ಮೀರಿದರೆ ಎ. ಡೀಸೆಲ್ ಮುಂತಾದ ಓಡಿಸುವ ಖರ್ಚನ್ನಷ್ಟೇ ತುಂಬಿದರೆ ಬಿ. ಅದನ್ನೂ ತುಂಬದಿದ್ದರೆ ಸಿ. ಹಳ್ಳಿಯ ಒಳದಾರಿಗಳು ಬೀಳುವುದು ಹೆಚ್ಚಾಗಿ ಈ ಸಿ ಎಂಬ ಬುಟ್ಟಿಗೆ. ಒಂದು ಸಲ ಸಿ ಎಂದು ಬರೆದುಬಿಟ್ಟರೆ ಆ ದಾರಿಗೆ ಹಳೆ ಬಸ್ಸು. ಹಳೆ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ, ವಾರಕ್ಕೆರಡು ದಿನ ಬರುವುದಿಲ್ಲ. ನಂಬಿಕೆ ಕಳೆದುಕೊಂಡ ಜನ ಲಗೇಜ್ ಆಟೋ ಹತ್ತುತ್ತಾರೆ. ಕಲೆಕ್ಷನ್ ಇನ್ನೂ ಇಳಿಯುತ್ತದೆ. ಆಗ 'ಈ ದಾರಿಗೆ ಜನವೇ ಇಲ್ಲ' ಎಂದು ಟ್ರಿಪ್ಪು ಕಡಿಯುತ್ತಾರೆ. 2020ರ ಕೊರೊನಾ ಕಾಲದಲ್ಲಿ ನಿಂತ ಎಷ್ಟೋ ಟ್ರಿಪ್ಪುಗಳು ಮತ್ತೆ ಶುರುವಾಗಲೇ ಇಲ್ಲ. ಊಟ ಹಾಕದೆ ಇಟ್ಟು, ಇವನಿಗೆ ಕೆಲಸ ಮಾಡೋ ತಾಕತ್ತಿಲ್ಲ ಅಂದ ಹಾಗಾಯಿತು.

ಈ ಲೆಕ್ಕದಲ್ಲಿ ನೀವು ಎಲ್ಲಿದ್ದೀರಿ ನೋಡಿ. ಪಾಸು ತೋರಿಸುವ ಹಾಸ್ಟೆಲ್ ಹುಡುಗ ಕಂಡಕ್ಟರ ಚೀಲಕ್ಕೆ ಒಂದು ಪೈಸೆಯನ್ನೂ ಹಾಕುವುದಿಲ್ಲ. ಪಾಸಿನ ರಿಯಾಯಿತಿಯ ಹಣವನ್ನು ಸರ್ಕಾರ ನಿಗಮಕ್ಕೆ ಬೇರೆಯಾಗಿ ತುಂಬಿಕೊಡಬೇಕು. ಆ ಹಣ ಆ ದಿನದ ಆ ಟ್ರಿಪ್ಪಿನಲ್ಲಿ ಕಾಣುವುದಿಲ್ಲ. ಹಾಗಾಗಿ ಸ್ಟಾಪಿನಲ್ಲಿ ನಲವತ್ತು ಜನ ಪಾಸಿನವರು ನಿಂತಿದ್ದರೆ ಅದು ಬಸ್ಸಿಗೆ ನಲವತ್ತು ಜನರಲ್ಲ, ಬರೀ ಭಾರ. ಬಸ್ಸು ನೂರು ಗಜ ಮುಂದೆ ಹೋಗಿ ನಿಲ್ಲುವುದು, 'ಹಿಂದ್ಗಡೆ ಖಾಲಿ ಬಸ್ ಬರ್ತಾ ಅದೆ' ಎಂದು ಕೂಗಿ ರೈಟ್ ಹೇಳುವುದು, ಇದೆಲ್ಲ ಬರುವುದು ಅಲ್ಲಿಂದ. ಕಂಡಕ್ಟರನನ್ನು ಬೈದು ಪ್ರಯೋಜನವಿಲ್ಲ. ಅವನೂ ನಮ್ಮಂಥ ಮನೆಯಿಂದಲೇ ಬಂದವನು, ಸಂಜೆ ಡಿಪೋದಲ್ಲಿ ಕಲೆಕ್ಷನ್ ಯಾಕೆ ಕಡಿಮೆ ಎಂಬ ಪ್ರಶ್ನೆಗೆ ನಿಂತು ಉತ್ತರ ಕೊಡಬೇಕಾದವನು.

ಕಾನೂನು ಏನು ಹೇಳುತ್ತದೆ? ಈ ನಿಗಮಗಳೆಲ್ಲ ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯ ಕೆಳಗೆ. ಅದರ 22ನೇ ಕಲಂ ನಿಗಮವು ವ್ಯಾಪಾರದ ತತ್ವಗಳ ಮೇಲೆ ನಡೆಯಬೇಕು ಎನ್ನುತ್ತದೆ. ಅಧಿಕಾರಿಗಳಿಗೆ ಈ ಕಲಂ ಬಾಯಿಪಾಠ. ಅದೇ ಕಾಯಿದೆಯ 18ನೇ ಕಲಂ ಜನಕ್ಕೆ ದಕ್ಷವಾದ, ಸಾಕಾಗುವಷ್ಟು, ಕಡಿಮೆ ಖರ್ಚಿನ ಸಾರಿಗೆಯನ್ನು ಒದಗಿಸುವುದು ನಿಗಮದ ಕರ್ತವ್ಯ ಎನ್ನುತ್ತದೆ. ಇದನ್ನು ಅವರ ಬಾಯಲ್ಲಿ ಕೇಳಿದವರು ಕಡಿಮೆ. ನಿಗಮ ಹೇಗೆ ನಡೆಯಬೇಕೆಂದು ಸರ್ಕಾರ ನಿರ್ದೇಶನ ಕೊಡಬಹುದು ಎನ್ನುವುದು 34ನೇ ಕಲಂ. ಅಂದಮೇಲೆ ಸಿ ದರ್ಜೆಯ ದಾರಿಗೂ ಹೊಸ ಬಸ್ಸು ಹಾಕಿ ಎಂದು ಸರ್ಕಾರ ಹೇಳಬಹುದು. ಹೇಳಿಸುವ ಜನ ಬೇಕು, ಅಷ್ಟೆ.

ನಮಗೂ ಗಾಡಿಗೂ ಇರುವ ಸಂಬಂಧ ಹಳೆಯದು. 1901ರಲ್ಲಿ ಬಾಲಕ ಅಂಬೇಡ್ಕರ್ ತಂದೆಯನ್ನು ನೋಡಲು ಗೋರೆಗಾಂವಿಗೆ ಹೊರಟು ಮಸೂರು ರೈಲು ನಿಲ್ದಾಣದಲ್ಲಿ ಇಳಿದಾಗ ಜಾತಿ ತಿಳಿದ ಮೇಲೆ ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಒಪ್ಪಿದವನ ಕರಾರು ಏನು ಗೊತ್ತೆ? ಎರಡರಷ್ಟು ಬಾಡಿಗೆ ಕೊಡಬೇಕು, ಗಾಡಿಯನ್ನು ಹುಡುಗರೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ದುಡ್ಡು ಕೊಟ್ಟರೂ ಸವಾರಿ ಸಿಕ್ಕದ ಕಾಲ ಅದು. ಮೈಸೂರು ಸರ್ಕಾರ 1948ರಲ್ಲಿ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರು ಮಾಡಿದಾಗ, 1961ರಲ್ಲಿ ಅದು ನಿಗಮವಾದಾಗ, ಟಿಕೆಟ್ ಕೊಂಡವನ ಜಾತಿ ಕೇಳದ ಗಾಡಿಯೊಂದು ಊರ ಮುಂದೆ ಬಂದು ನಿಂತಿತು. ಇದು ಸಣ್ಣ ಮಾತಲ್ಲ. ನಮ್ಮವರು ಎಷ್ಟೋ ಜನ ಊರಿನ ಜೀತದಿಂದ ಪಾರಾಗಿ ಪಟ್ಟಣ ಸೇರಿದ್ದು ಆ ಕೆಂಪು ಬಸ್ಸಿನಲ್ಲೇ. ಅದಕ್ಕೇ ಅದು ಕೆಟ್ಟು ನಿಂತರೆ ನಮಗೆ ಉರಿಯುತ್ತದೆ. ಕಾರಿರುವವನಿಗೆ ಉರಿಯುವುದಿಲ್ಲ.

ಹಾಗಾದರೆ ಹೊಸ ಬಸ್ಸು ಯಾವ ದಾರಿಗೆ ಹೋಗಬೇಕು? ಬೇರೆ ದಾರಿಯೇ ಇಲ್ಲದವರ ದಾರಿಗೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವವನಿಗೆ ರೈಲಿದೆ, ಖಾಸಗಿ ಬಸ್ಸಿದೆ, 2023ರಲ್ಲಿ ತೆರೆದ ಹೆದ್ದಾರಿಯಿದೆ. (ಆ ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಅದೇ ವರ್ಷ ಆಗಸ್ಟಿನಲ್ಲಿ ನಿಷೇಧಿಸಿದರು. ಅದರ ಮಾತು ಇನ್ನೊಮ್ಮೆ ಆಡೋಣ.) ಒಂದು ಬಸ್ಸು ತಪ್ಪಿದರೆ ಅರ್ಧ ಗಂಟೆಯೊಳಗೆ ಇನ್ನೊಂದು. ದಿನಕ್ಕೆ ಎರಡೇ ಟ್ರಿಪ್ಪು ಇರುವ ಊರಿನಲ್ಲಿ ಒಂದು ತಪ್ಪಿದರೆ ಒಂದು ದಿನದ ಕೂಲಿ ಹೋಯಿತು, ಒಂದು ದಿನದ ಹಾಜರಿ ಹೋಯಿತು. ಪಿಯುಸಿ ಪರೀಕ್ಷೆಯ ದಿನ ತಪ್ಪಿದರೆ ಆ ಪರೀಕ್ಷೆಯೇ ಹೋಯಿತು.

ಅದರಲ್ಲೂ ಮೊದಲು ಬೆಳಗಿನ ಬಸ್ಸು. ಹೋಬಳಿಯಿಂದ ತಾಲ್ಲೂಕಿಗೆ ಏಳೂವರೆಯಿಂದ ಒಂಬತ್ತರೊಳಗೆ ಹೋಗುವ ಬಸ್ಸು, ಸಂಜೆ ನಾಲ್ಕರ ಮೇಲೆ ವಾಪಸಾಗುವ ಬಸ್ಸು. ಹೆಣ್ಣುಮಕ್ಕಳ ಓದು ನಿಂತಿರುವುದು ಈ ಸಂಜೆಯ ಬಸ್ಸಿನ ಮೇಲೆ. ಅದು ಎರಡು ಸಲ ಬಾರದೆ ಹುಡುಗಿ ಕತ್ತಲಾದ ಮೇಲೆ ಮನೆ ಸೇರಿದರೆ ಮೂರನೆಯ ವಾರ ಅಪ್ಪ ಹೇಳುತ್ತಾನೆ, ಸಾಕು ಬುಡವ್ವ ಕಾಲೇಜು ಅಂತ. ಆ ಅಪ್ಪನನ್ನು ಬಯ್ಯುವುದು ಸುಲಭ. ಬಸ್ಸು ಬಾರದ್ದರಿಂದ ಓದು ಬಿಟ್ಟವಳ ಹೆಸರು ನಿಗಮದ ನಷ್ಟದ ಲೆಕ್ಕದಲ್ಲಿ ಇರುವುದಿಲ್ಲ.

ಆಮೇಲೆ ನೈಟ್ ಹಾಲ್ಟ್ ಬಸ್ಸು. ರಾತ್ರಿ ಬಂದು ಊರಲ್ಲೇ ತಂಗಿ ಕೋಳಿ ಕೂಗುವ ಹೊತ್ತಿಗೆ ಹೊರಡುವ ಬಸ್ಸು. ಸೊಪ್ಪಿನ ಗಂಟು, ಹಾಲಿನ ಕ್ಯಾನು, ಗಾರೆ ಕೆಲಸದವರು, ದೊಡ್ಡಾಸ್ಪತ್ರೆಯ ಚೀಟಿ ಹಿಡಿದವರು, ಎಲ್ಲರಿಗೂ ಅದೇ. ಡ್ರೈವರು ಕಂಡಕ್ಟರು ಮಲಗುವುದಕ್ಕೆ ಒಂದು ಕೋಣೆ, ಒಂದು ಶೌಚಾಲಯ ಇಲ್ಲದೆ ಆ ಬಸ್ಸು ಉಳಿಯುವುದಿಲ್ಲ. ಇದನ್ನು ಪಂಚಾಯಿತಿಯವರು ಮಾಡಿಕೊಡಬಹುದು. ಬೆಟ್ಟದ ದಾರಿ, ಕಾಡಂಚಿನ ದಾರಿಯ ಮಾತು ಆಗಲೇ ಆಡಿದೆವು.

ಜಾತ್ರೆ ಬಂದರೆ, ಸಮಾವೇಶ ಬಂದರೆ ಮೊದಲು ಕೀಳುವುದೂ ಇವೇ ಬಸ್ಸುಗಳನ್ನು. ಯಾವ ಪಕ್ಷವೂ ಯಾವ ಸಂಘವೂ ಇದಕ್ಕೆ ಹೊರತಲ್ಲ. ಬಡವರ ಉದ್ಧಾರದ ಭಾಷಣ ಕೇಳಿಸುವುದಕ್ಕೆ ಬಡವರ ಬಸ್ಸನ್ನೇ ಬಾಡಿಗೆಗೆ ಒಯ್ಯುತ್ತಾರೆ.

ಈಗ ಶಕ್ತಿ ಯೋಜನೆಯ ಮಾತು. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಲ್ಲ. ಐಷಾರಾಮಿ ಬಸ್ಸುಗಳಿಗೆ ಇದು ನಡೆಯುವುದಿಲ್ಲ. 'ಹೆಂಗಸರು ತುಂಬಿಬಿಟ್ಟರು, ನಮಗೆ ನಿಲ್ಲೋಕೂ ಜಾಗ ಇಲ್ಲ' ಎಂದು ನಮ್ಮ ಹಾಸ್ಟೆಲ್ ಗೆಳೆಯರೇ ಗೊಣಗುವುದನ್ನು ಕೇಳಿದ್ದೇವೆ. ಗೆಳೆಯರೆ, ಆ ಸೀಟಿನಲ್ಲಿ ಕೂತವಳು ನಿಮ್ಮವ್ವ. ಹುಟ್ಟಿದಂದಿನಿಂದ ನಡೆದವಳು ಈಗ ಕೂತಿದ್ದಾಳೆ. ಅವಳನ್ನು ಎಬ್ಬಿಸುವುದು ಹೋರಾಟವಲ್ಲ. ಎರಡನೆಯ ಬಸ್ಸು ಕೇಳುವುದು ಹೋರಾಟ. ಅವಳ ಕೈಗೆ ಕೊಡುವ ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ನಿಗಮಕ್ಕೆ ಕಟ್ಟಿಕೊಡಬೇಕು. ಹಾಗಿರುವಾಗ ಹೆಂಗಸರು ತುಂಬಿದ ಹಳ್ಳಿ ಬಸ್ಸನ್ನು ಇನ್ನು ನಷ್ಟದ ಬಸ್ಸು ಎನ್ನುವಂತಿಲ್ಲ.

ಇನ್ನೊಂದು ಮಾತಿದೆ, ನೆನಪಿಡಿ. ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆಗೆ 2013ರಲ್ಲಿ ಕಾಯಿದೆ ಆಯಿತು. ಆ ಹಣದಿಂದ ಗ್ಯಾರಂಟಿ ಯೋಜನೆಗಳಿಗೆ ಪಾಲು ತೆಗೆಯುವುದು 2023-24ರಲ್ಲಿ ಶುರುವಾಯಿತು. ಶಕ್ತಿಯೂ ಅದರಲ್ಲಿ ಸೇರಿದೆ. ಪರಿಶಿಷ್ಟರೂ ಫಲಾನುಭವಿಗಳು, ಅವರ ಪಾಲಿನಷ್ಟೇ ತೆಗೆದಿದ್ದೇವೆ ಎಂಬುದು ಸರ್ಕಾರದ ಸಮಜಾಯಿಷಿ. ಆಗಲಿ. ಹಾಗಾದರೆ ನಮ್ಮ ಪಾಲಿನ ಬಸ್ಸು ಎಲ್ಲಿ? ನಮ್ಮ ದುಡ್ಡು ಡಿಪೋ ಮುಟ್ಟಿದೆ, ಡಿಪೋದ ಬಸ್ಸು ಕೇರಿ ಮುಟ್ಟಿಲ್ಲ. ಎಷ್ಟೋ ಕಡೆ ಅದು ಊರ ಮುಂದಿನ ಅರಳಿಕಟ್ಟೆಯಲ್ಲೇ ತಿರುಗಿಕೊಂಡು ಹೋಗುತ್ತದೆ. ಉಪಯೋಜನೆಯ ಹಣ ಬಿದ್ದ ಮೇಲೆ ನಮ್ಮ ಜನ ಹೆಚ್ಚಿರುವ ದಾರಿಗಳಿಗೆ ಹೊಸ ಬಸ್ಸು ಮೊದಲು ಬರಬೇಕು, ಕೇರಿಯ ಬಾಯಿಗೆ ಒಂದು ಸ್ಟಾಪು ಬೇಕು. ಇದು ಬೇಡಿಕೆಯಲ್ಲ, ರಸೀತಿ ಕೇಳುವುದು.

ಅಮೆರಿಕದ ಮಾಂಟ್‌ಗೊಮರಿ ಊರಿನ ಕಪ್ಪು ಜನ 1955ರ ಡಿಸೆಂಬರಿನಿಂದ 381 ದಿನ ಬಸ್ಸು ಹತ್ತದೆ ನಡೆದದ್ದು ನಿಮಗೆ ಗೊತ್ತು. ಅದರ ಮೊದಲ ಕರಪತ್ರಗಳನ್ನು ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು ರಾತ್ರೋರಾತ್ರಿ, ನಿಮ್ಮ ಕೈಯಲ್ಲಿರುವ ಈ ಹಾಳೆಯ ಹಾಗೇ, ಸೈಕ್ಲೋಸ್ಟೈಲ್ ಮಾಡಿದ್ದರು. 1954ರಲ್ಲೇ ಆಕೆ ಮೇಯರಿಗೆ ಪತ್ರ ಬರೆದಿದ್ದರು. ಬಿಳಿಯರ ಬೀದಿಯಲ್ಲಿ ಮೂಲೆಮೂಲೆಗೂ ನಿಲ್ಲುವ ಬಸ್ಸು ನಮ್ಮ ಬೀದಿಯಲ್ಲೂ ಹಾಗೇ ನಿಲ್ಲಲಿ ಎಂಬುದು ಅದರಲ್ಲಿದ್ದ ಒಂದು ಮಾತು. ಸೀಟಿನ ಜೊತೆಗೆ ಸ್ಟಾಪನ್ನೂ ಕೇಳಿದ್ದರು.

ನಾವು ಬಸ್ಸಿಗೆ ಕಲ್ಲು ಹೊಡೆಯುವುದು ಬೇಡ. ಒಡೆದ ಗಾಜಿನ ಬಸ್ಸಿನಲ್ಲಿ ಮಳೆಗಾಲವೆಲ್ಲ ನೆನೆಯುವವರು ನಾವೇ. ಲೆಕ್ಕಕ್ಕೆ ಲೆಕ್ಕ ಇಡೋಣ. ಪ್ರತಿ ಹಾಸ್ಟೆಲಿನಿಂದ ಇಬ್ಬಿಬ್ಬರು, ಸೋಮವಾರದಿಂದ ಶನಿವಾರ, ನಿಮ್ಮ ಸ್ಟಾಪಿನಲ್ಲಿ ನಿಂತು ಬರೆಯಿರಿ: ಬಸ್ಸಿನ ನಂಬರು, ಬರಬೇಕಾದ ಹೊತ್ತು, ಬಂದ ಹೊತ್ತು, ನಿಂತಿತೋ ಇಲ್ಲವೋ, ಹತ್ತಲಾಗದೆ ಉಳಿದವರು ಎಷ್ಟು ಜನ, ಅವರಲ್ಲಿ ಪಾಸಿನವರು ಎಷ್ಟು. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು. ಕೇಳಬೇಕಾದ್ದು ಇಷ್ಟು: ನಮ್ಮ ಡಿಪೋದ ಯಾವ ಶೆಡ್ಯೂಲು ಯಾವ ದರ್ಜೆ, ಅದಕ್ಕೆ ಹಾಕಿರುವ ಬಸ್ಸು ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ, ಕಳೆದ ಆರು ತಿಂಗಳಲ್ಲಿ ಎಷ್ಟು ಟ್ರಿಪ್ಪು ರದ್ದಾಗಿದೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನ ರಸ್ತೆಯ ಮೇಲೆ ಇರಕೂಡದೆಂದು 2023ರ ಏಪ್ರಿಲ್ 1ರಿಂದ ಕೇಂದ್ರದ ನಿಯಮವಿದೆ. ಬಸ್ಸಿನ ವರ್ಷ ಕೇಳುವುದು ಅದಕ್ಕೆ.

ಅರ್ಜಿಯ ನಕಲನ್ನೂ ಆರು ದಿನದ ಹಾಳೆಗಳನ್ನೂ ಈ ಪತ್ರಿಕೆ ಮಾರುವ ಗೆಳೆಯರ ಕೈಗೆ ಕೊಡಿ. ಮೊದಲು ಡಿಪೋ ಮ್ಯಾನೇಜರಿಗೆ, ಅಲ್ಲಿ ಆಗದಿದ್ದರೆ ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಟ್ಟಿಗೆ ಹೋಗಿ ಕೊಡೋಣ. ಹೋಗುವ ದಿನ ಎಲ್ಲರೂ ಆ ಎಂಟು ಗಂಟೆ ಬಸ್ಸಿನಲ್ಲೇ ಬನ್ನಿ. ಅದು ಎಷ್ಟು ಗಂಟೆಗೆ ತಲುಪಿಸುತ್ತದೋ ಅಷ್ಟು ಗಂಟೆಗೆ ಮಾತು ಶುರು.

ಜೈಭೀಮ್.