ಮೊದಲ ಅವಧಿ ಯಾರಿಗೆ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ಪ್ರಶಿಕ್ಷಣಾರ್ಥಿಗಳಿಗೆ ಪ್ರತ್ಯೇಕ ಪಥದ ಚಿಗರಿ ಬಸ್ಸಿದೆ. ಅಳ್ನಾವರ, ಕಲಘಟಗಿ ಕಡೆಯವರಿಗೆ ಆ ಅನುಕೂಲವಿಲ್ಲ. ಹಳ್ಳಿಯ ಬಸ್ಸಿಳಿದು, ನಗರ ಸಾರಿಗೆಗೆ ಕಾದು, ಉಳಿದದ್ದನ್ನು ನಡೆದೇ ಅಭ್ಯಾಸ ಬೋಧನೆಯ ಶಾಲೆ ಸೇರಬೇಕು. 2023ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ಉಳಿದಿದೆ, ಸಮಯ ಉಳಿದಿಲ್ಲ.

ನನ್ನ ಸಹಪಾಠಿಯೊಬ್ಬಳು ಚಾರ್ಟು ಮಡಚದಂತೆ ತಲೆಯ ಮೇಲೆತ್ತಿ ಹಿಡಿದು, ನಿಂತೇ ಬಂದಳು. ತಲುಪುವಷ್ಟರಲ್ಲಿ ಅರ್ಧ ಅವಧಿ ಮುಗಿದಿತ್ತು. ವೀಕ್ಷಣಾ ಹಾಳೆಯಲ್ಲಿ ಉಳಿದದ್ದು ‘ಸಮಯಪಾಲನೆ ಇಲ್ಲ’ ಎಂಬ ಒಂದೇ ಸಾಲು. ಪಾಠಯೋಜನೆಯನ್ನು ಯಾರೂ ತೆರೆದು ನೋಡಲಿಲ್ಲ.

ನಾಳೆ ಶಿಕ್ಷಕಿಯಾದಾಗ ಯಾರು ಹೊಂದಿಸಿಕೊಳ್ಳುತ್ತಾರೆ ಎಂದು ಕೇಳಬಹುದು. ಸಂಬಳ ಬಂದರೆ ಶಾಲೆಯ ಹತ್ತಿರ ಮನೆ ಹಿಡಿಯಬಹುದು. ಕೆಲವೇ ವಾರಗಳ ಅಭ್ಯಾಸ ಬೋಧನೆಗೆ ಅದು ಆಗದು. ಮಾರ್ಗದರ್ಶಕ ಅಧ್ಯಾಪಕರು ಶಾಲೆ ಹಂಚುವ ಮೊದಲು ನಮ್ಮ ಬಸ್ಸಿನ ವೇಳೆ ಕೇಳಲಿ. ದೂರದಿಂದ ಬರುವವರಿಗೆ ಮೂರನೇ ಅವಧಿ ಕೊಡಲಿ.